ವಿಮಾನಯಾನದ ಆದಿಕಾಲದ ಛಾಯಾಚಿತ್ರಗಳೂ ಅವುಗಳ ಪ್ರಾಮಾಣ್ಯವೂ

ಇತಿಹಾಸಕ್ಕೆ ಸಾಧನಗಳಾದ ಶಾಸನ, ನಾಣ್ಯ, ಓಲೆಗರಿಯ ಪ್ರತಿ, ಕಡತ ಮೊದಲಾದುವುಗಳಲ್ಲಿ ಒಂದೊಂದಕ್ಕೂ ತಕ್ಕ ಪರೀಕ್ಷಾಕ್ರಮವು ಏರ್ಪಟ್ಟಿರುವುದನ್ನು ವಾಚಕರು ಬಲ್ಲರು. ತಾಮ್ರಪಟವೊಂದು ಕೈಗೆ ಬಂದರೆ ಅದರ ಲಿಪಿಯು ಅದು ಹೇಳಿಕೊಳ್ಳುವ ಶಕವರ್ಷಕ್ಕೆ ಒಪ್ಪುವುದೆ, ತಿಥಿವಾರನಕ್ಷತ್ರಗಳು ಗಣಿತಕ್ಕೆ ಕೂಡುವುವೆ, ಬಳೆಯ ಮೇಲಣ ಮುದ್ರೆಯು ಆ ವಂಶದ್ದೆ, ವಂಶಾವಳಿಯು ಉಳಿದ ಶಾಸನಗಳಿಗೆ ವಿರೋಧಿಸುವುದೆ ಎಂಬುದನ್ನೆಲ್ಲ ನೋಡಿದ ಮೇಲೆಯೇ ಅದನ್ನು ಅಂಗೀಕರಿಸುವುದು, ಇಲ್ಲವೆ ಕೂಟಶಾಸನವೆಂದು ಬದಿಗಿಡುವುದು ವಾಡಿಕೆ. ಗಂಗರ ತಾಮ್ರಪಟಗಳ ವಿಷಯವಾಗಿ ಫ್ಲೀಟ್ ಮಹಾಶಯರಿಗೂ ರೈಸ್ ಮಹಾಶಯರಿಗೂ ಇದ್ದ ಅಭಿಪ್ರಾಯಭೇದದಿಂದ ಈ ಪರೀಕ್ಷೆಯು ನಮ್ಮ ನಾಡಿನಲ್ಲಿ ಬಹಳ ಬಿಗಿಯಾಯಿತು. ಆದರೆ ಛಾಯಾಚಿತ್ರವೆಂಬ ಹೊಸ ಸಾಧನದ ವಿಷಯದಲ್ಲಿ ನಮ್ಮಲ್ಲಿ ಅಂತಹ ಎಚ್ಚರವು ಇನ್ನೂ ರೂಢವಾದಂತೆ ತೋರುವುದಿಲ್ಲ. ಬೆಳಕು ತಾನಾಗಿ ಬರೆದುದಕ್ಕೆ ಸುಳ್ಳಾಡುವ ನಾಲಗೆಯಿಲ್ಲವೆಂದು ಅನೇಕರು ತಿಳಿದಿರುವರು. ಈ ತಿಳಿವಳಿಕೆಯು ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಮಾನಯಾನದ ಮೊದಲ ದಶಕಗಳ ಚಿತ್ರಗಳನ್ನು ಆಧಾರವಾಗಿಟ್ಟುಕೊಂಡು ವಿಚಾರಮಾಡುವುದು ಈ ಲೇಖನದ ಉದ್ದೇಶ.

ವಿಮಾನದ ಚಿತ್ರಗಳನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಚಕ್ರವನ್ನು ಮೊದಲು ಉರುಳಿಸಿದವನಾರು, ಹಾಯಿಯನ್ನು ಮೊದಲು ಕಟ್ಟಿದವನಾರು ಎಂಬುದನ್ನು ನಾವು ಎಂದಿಗೂ ಅರಿಯಲಾರೆವು. ಮನುಷ್ಯನು ಆಕಾಶಕ್ಕೆ ಏರಿದ ಕಾಲಕ್ಕಾದರೋ ಕ್ಯಾಮರಾ ಆಗಲೇ ಹುಟ್ಟಿ ಬಲಿತಿತ್ತು. ಜರ್ಮನಿಯ ಓಟೊ ಲಿಲಿಯೆಂಟಾಲನು ರೆಕ್ಕೆಗಳನ್ನು ತೊಟ್ಟು ಗುಡ್ಡದಿಂದ ಗಾಳಿಯ ಮೇಲೆ ಜಾರುತ್ತಿದ್ದುದನ್ನು ಓಟೊಮಾರ್ ಆನ್‌ಷುಟ್ಸ್ ಎಂಬಾತನು ೧೮೯೩ ಮತ್ತು ೧೮೯೪ರಲ್ಲಿ ಅತ್ಯಲ್ಪ ಕಾಲದಲ್ಲಿ ತೆರೆದು ಮುಚ್ಚುವ ಕ್ಯಾಮರಾದಿಂದ ಹಿಡಿದನು. ಆ ಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾಗಿ ದೇಶದೇಶಗಳಿಗೆ ಹೋದುವು. ಹಾರುವುದು ಹುಚ್ಚರ ಕನಸೆಂದು ನಗುತ್ತಿದ್ದ ಜನರು ನೆಲವನ್ನು ಬಿಟ್ಟು ತೂಗುವ ಮನುಷ್ಯನನ್ನು ಕಾಗದದ ಮೇಲೆ ಕಂಡರು. ೧೮೯೬ರ ಆಗಸ್ಟ್ ೯ರಂದು ಬಿದ್ದು ಮರುದಿನ ಲಿಲಿಯೆಂಟಾಲನು ಮೃತನಾದನು. ಅವನ ಚಿತ್ರಗಳು ಮಾತ್ರ ಇತರರಿಗೆ ಪ್ರೇರಕವಾಗಿ ಉಳಿದುವು. ಅದೇ ವರ್ಷದ ಮೇ ತಿಂಗಳ ೬ರಂದು ಅಮೆರಿಕಾದ ಸ್ಯಾಮ್ಯುಯೆಲ್ ಲ್ಯಾಂಗ್ಲಿಯವರ ಆವಿಯ ಯಂತ್ರದ ವಿಮಾನವು ಆಳಿಲ್ಲದೆ ಪೊಟೊಮ್ಯಾಕ್ ನದಿಯ ಮೇಲೆ ಹಾರಿದಾಗ ಅದರ ಚಿತ್ರವನ್ನು ತೆಗೆದವರು ದೂರವಾಣಿಯನ್ನು ಕಂಡುಹಿಡಿದ ಗ್ರಹಾಂ ಬೆಲ್ ಮಹಾಶಯರೇ. ಹೀಗೆ ಈ ವಿದ್ಯೆಯ ಜಾತಕವು ಚಿತ್ರರೂಪದಲ್ಲಿ ದೊರೆಯುವುದು. ಜಾತಕವಿದ್ದಮೇಲೆ ಹುಟ್ಟಿದ ಗಳಿಗೆಯ ವಿಷಯವಾಗಿ ವ್ಯಾಜ್ಯವೂ ತಪ್ಪಲಿಲ್ಲ.

ಈ ಚಿತ್ರಗಳಲ್ಲೆಲ್ಲ ಪ್ರಸಿದ್ಧವಾದುದು ೧೯೦೩ರ ಡಿಸೆಂಬರ್ ೧೭ರಂದು ಬೆಳಗ್ಗೆ ಸುಮಾರು ೧೦ ಗಂಟೆ ೩೫ ನಿಮಿಷಕ್ಕೆ ನಾರ್ತ್ ಕರೋಲಿನಾ ಸಂಸ್ಥಾನದ ಕಡಲ ತೀರದಲ್ಲಿ, ಕಿಟಿ ಹಾಕ್ ಎಂಬ ಹಳ್ಳಿಗೆ ಸಮೀಪದ ಕಿಲ್ ಡೆವಿಲ್ ಹಿಲ್ಸ್ ಎಂಬ ಮರಳುದಿಬ್ಬಗಳ ಬಳಿ ತೆಗೆದುದು. ಡೇಟನ್ ನಗರದಲ್ಲಿ ಬೈಸಿಕಲ್ಲುಗಳ ವ್ಯಾಪಾರವನ್ನು ನಡಸುತ್ತಿದ್ದ ವಿಲ್ಬರ್ ರೈಟ್, ಆರ್ವಿಲ್ ರೈಟ್ ಎಂಬ ಸೋದರರು ತಾವೇ ಕಟ್ಟಿದ ಯಂತ್ರವನ್ನು ಅಲ್ಲಿಗೆ ಒಯ್ದಿದ್ದರು. ಅದು ೬೦೫ ಪೌಂಡು ತೂಕದ್ದು. ರೆಕ್ಕೆಗಳ ಉದ್ದ ತುದಿಯಿಂದ ತುದಿಗೆ ೪೦ ಅಡಿ ೪ ಅಂಗುಲ. ಎಂಜಿನಿನ ಬಲವು ಸುಮಾರು ೧೨ ಅಶ್ವಶಕ್ತಿ. ಆರ್ವಿಲನು ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಯಂತ್ರವು ಹಳಿಯನ್ನು ಬಿಟ್ಟು ಏರಬಹುದೆಂದು ತಾನು ಊಹಿಸಿದ ಜಾಗಕ್ಕೆ ಗುರಿಯಿಟ್ಟು, ಅದರ ರಬ್ಬರು ಬುರುಡೆಯನ್ನು ಜಾನ್ ಟಿ. ಡೇನಿಯಲ್ಸ್ ಎಂಬಾತನ ಕೈಗೆ ಕೊಟ್ಟನು. ಡೇನಿಯಲ್ಸನು ಕಡಲಲ್ಲಿ ಒಡೆದ ಹಡಗುಗಳವರನ್ನು ಕಾಪಾಡುವ ಠಾಣೆಯ ಆಳು. ಚಿತ್ರ ತೆಗೆಯುವ ಕೆಲಸವನ್ನು ಅರಿತವನಲ್ಲ. ಯಂತ್ರವು ಮೇಲೆದ್ದುದನ್ನು ಕಂಡ ಬೆರಗಿನಲ್ಲಿ ತಾನು ಬುರುಡೆಯನ್ನು ಒತ್ತಿದೆನೋ ಇಲ್ಲವೋ ಎಂಬುದೇ ಅವನಿಗೆ ನೆನಪಿರಲಿಲ್ಲವೆಂದು ಹೇಳುವರು. ಫಲಕವನ್ನು ತೊಳೆದು ನೋಡಿದುದು ಸೋದರರು ಡೇಟನ್ನಿಗೆ ಹಿಂದಿರುಗಿದ ತರುವಾಯ, ಮನೆಯ ಹಿಂದಣ ಕೊಟ್ಟಿಗೆಯ ಕತ್ತಲೆಕೋಣೆಯಲ್ಲಿ. ಅಲ್ಲಿಯವರೆಗೆ ಆ ಗಾಜಿನಲ್ಲಿ ಏನಿದೆಯೆಂಬುದು ಯಾರಿಗೂ ತಿಳಿಯದು.

ಚಿತ್ರದಲ್ಲಿರುವುದನ್ನು ಸಾವಧಾನವಾಗಿ ಓದೋಣ. ನಡುವೆ ಯಂತ್ರವು ಹಳಿಯ ಕೊನೆಯಲ್ಲಿ ನೆಲದಿಂದ ಸುಮಾರು ಎರಡು ಅಡಿ ಮೇಲಿದೆ. ಹಳಿಯೆಂಬುದು ಹದಿನೈದು ಹದಿನೈದು ಅಡಿಯ ನಾಲ್ಕು ಮರದ ತುಂಡುಗಳನ್ನು ಜೋಡಿಸಿದ ೬೦ ಅಡಿಯ ದಾರಿ. ಕೆಳಗಣ ರೆಕ್ಕೆಯ ಮೇಲೆ ಬೋರಲಾಗಿ ಮಲಗಿರುವವನು ಆರ್ವಿಲನು. ಬಲಗಡೆಯಲ್ಲಿ, ರೆಕ್ಕೆಯ ಕಂಬವನ್ನು ಆಗತಾನೆ ಕೈಬಿಟ್ಟು, ಓಟದ ನಡುವೆ ತಡೆದವನಂತೆ ನಿಂತಿರುವವನು ವಿಲ್ಬರನು. ಯಂತ್ರದ ಹಿಂದೆ ಮರಳಿನ ಮೇಲೆ ರೆಕ್ಕೆಗೆ ಆಸರೆಯಾಗಿ ಇಟ್ಟಿದ್ದ ಸಣ್ಣ ಬೆಂಚು, ಎಂಜಿನನ್ನು ಹೊರಡಿಸುವ ವಿದ್ಯುತ್ ಸುರುಳಿಯ ಪೆಟ್ಟಿಗೆ, ಒಂದು ಸಲಿಕೆ. ಸುತ್ತಲೂ ಹೆಜ್ಜೆಯ ಗುರುತುಗಳು. ಈ ಸಲಿಕೆ ಪೆಟ್ಟಿಗೆಗಳನ್ನು ಕ್ಷುದ್ರವಸ್ತುಗಳೆಂದು ಬಿಡತಕ್ಕುದಲ್ಲ. ಪ್ರದರ್ಶನಕ್ಕಾಗಿ ಚಿತ್ರವನ್ನು ಕಟ್ಟುವವನು ಇವುಗಳನ್ನು ಮೊದಲೇ ಎತ್ತಿ ಆಚೆಗೆ ಇಡುತ್ತಿದ್ದನು. ಕೆಲಸದ ನಡುವೆ ಬಿದ್ದಲ್ಲಿಯೇ ಬಿಟ್ಟ ಸಾಮಾನುಗಳು, ಶಾಸನದಲ್ಲಿ ಊರಿನ ಎಲ್ಲೆಯನ್ನು ಹೇಳುವಾಗ ಬರುವ ಹುಣಿಸೆಯ ಮರ ಹುತ್ತಗಳಂತೆ, ಕಲ್ಪಿಸಲು ಯಾರಿಗೂ ತೋಚದ ಸಾಕ್ಷಿಗಳು.

ಈಗ ಪ್ರಮಾಣವಿಚಾರ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳುವರು. ಛಾಯಾಚಿತ್ರವು ಇವುಗಳಲ್ಲಿ ಯಾವುದರಲ್ಲಿ ಸೇರತಕ್ಕುದು? ನಮ್ಮ ಕಣ್ಣಿಗೆ ಪ್ರತ್ಯಕ್ಷವಾದುದು ಕಾಗದದ ಮೇಲಣ ಕಪ್ಪು ಬಿಳುಪಿನ ಗುರುತು ಮಾತ್ರ, ವಿಮಾನವಲ್ಲ. ಆ ಗುರುತಿನಿಂದ ವಿಮಾನವನ್ನು ನಾವು ಊಹಿಸುತ್ತೇವೆ, ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ. ಆದುದರಿಂದ ಅದು ಅನುಮಾನಕ್ಕೆ ಹೇತುವೆಂದೇ ನಮ್ಮ ಅಭಿಪ್ರಾಯ. ಹೇತುವಾದ ಮೇಲೆ ಹೇತ್ವಾಭಾಸಕ್ಕೂ ಅವಕಾಶವುಂಟು. ಮಂಜನ್ನು ಹೊಗೆಯೆಂದು ಭ್ರಮಿಸಿದವನಿಗೆ ಬೆಂಕಿಯು ದೊರೆಯಲಾರದು. ಇಷ್ಟಲ್ಲದೆ ಚಿತ್ರವು ಒಂದು ಕ್ಷಣದ್ದು. ಮೇಲೆ ಹೇಳಿದ ಫಲಕದಿಂದ ಯಂತ್ರವು ಆ ಕ್ಷಣದಲ್ಲಿ ನೆಲವನ್ನು ಬಿಟ್ಟಿತ್ತೆಂದು ಸಿದ್ಧವಾಗುವುದೇ ಹೊರತು, ಅದು ೧೨ ಸೆಕೆಂಡು ಹಾರಿ ೧೨೦ ಅಡಿ ದೂರ ಹೋಯಿತೆಂದು ಸಿದ್ಧವಾಗುವುದಿಲ್ಲ. ಆ ದಿನದ ನಾಲ್ಕನೆಯ ಹಾರಾಟದಲ್ಲಿ ವಿಲ್ಬರನು ೫೯ ಸೆಕೆಂಡುಗಳಲ್ಲಿ ೮೫೨ ಅಡಿ ಹೋದನೆಂಬುದನ್ನು ನಾವು ತಿಳಿಯುವುದು ಆರ್ವಿಲನ ದಿನಚರಿಯಿಂದ, ಹತ್ತಿರವಿದ್ದ ಐವರು ಸಾಕ್ಷಿಗಳ ಮಾತಿನಿಂದ, ಎಂದರೆ ಶಬ್ದಪ್ರಮಾಣದಿಂದ. ಚಿತ್ರವು ಶಬ್ದಕ್ಕೆ ಬಲವನ್ನು ಕೊಡುವುದು. ಶಬ್ದವು ಚಿತ್ರಕ್ಕೆ ಅರ್ಥವನ್ನು ಕೊಡುವುದು.

ಆದರೆ ಶಬ್ದವೂ ಪರೀಕ್ಷೆಗೆ ಒಳಪಟ್ಟುದೇ. ಸೋದರರು ಆ ದಿನವೇ ತಂದೆಗೆ ತಂತಿಯನ್ನು ಕಳುಹಿಸಿದರು. ತಂತಿಯಲ್ಲಿ ೫೯ ಸೆಕೆಂಡು ಎಂದಿರಬೇಕಾದುದು ೫೭ ಎಂದಾಗಿದೆ. ಆರ್ವಿಲನ ಹೆಸರಿನ ಅಕ್ಷರಗಳೂ ತಪ್ಪಿವೆ. ದಾರಿಯಲ್ಲಿ ಕೈಯಿಂದ ಕೈಗೆ ದಾಟುವಾಗ ಆದ ಲಿಪಿಕಾರಪ್ರಮಾದವಿದು. ಓಲೆಗರಿಗಳನ್ನು ಹೋಲಿಸಿ ನೋಡಿದವರಿಗೆ ಇದು ಹೊಸದಲ್ಲ. ಇದಕ್ಕಿಂತ ವಿಚಿತ್ರವಾದುದು ಮರುದಿನ ನಾರ್ಫಕ್ ನಗರದ ವೃತ್ತಪತ್ರಿಕೆಯಲ್ಲಿ ಬಂದ ಸುದ್ದಿ. ಯಂತ್ರವು ಮೂರು ಮೈಲಿ ಹಾರಿತೆಂದು ಅಲ್ಲಿ ಅಚ್ಚಾಯಿತು! ಕಂಡವರ ಬಾಯಿಂದ ಕೇಳದೆ ಕಿವಿಯಿಂದ ಕಿವಿಗೆ ಹೋದುದರ ಫಲವಿದು. ನಿಜವಾದ ಚಿತ್ರವು ಕೊಟ್ಟಿಗೆಯಲ್ಲಿತ್ತು. ಸುಳ್ಳು ವರ್ಣನೆಯು ಊರೂರಿಗೆ ಹೋಯಿತು.

ಸೋದರರ ಮಾತನ್ನು ನಂಬುವುದಕ್ಕೆ ನಮಗೆ ತೋರುವ ಮುಖ್ಯ ಕಾರಣವನ್ನು ಇಲ್ಲಿ ಹೇಳಬೇಕು. ಮೂರು ದಿನ ಮುಂಚೆ, ಡಿಸೆಂಬರ್ ೧೪ರಂದು, ವಿಲ್ಬರನು ಮಾಡಿದ ಪ್ರಯತ್ನವು ಮೂರೂವರೆ ಸೆಕೆಂಡುಗಳಲ್ಲಿ ಕೆಟ್ಟು ಯಂತ್ರವು ಮರಳಿಗೆ ಬಿದ್ದಿತು. ಆ ಬಿದ್ದ ಯಂತ್ರವನ್ನೂ ಅವರು ಫಲಕದ ಮೇಲೆ ಹಿಡಿದಿಟ್ಟರು. ಹದಿನೇಳರ ನಾಲ್ಕನೆಯ ಹಾರಾಟದ ಕೊನೆಯಲ್ಲಿ ಮುಂದಣ ಚುಕ್ಕಾಣಿಯ ಚೌಕಟ್ಟು ಮುರಿದುದನ್ನೂ ಹಾಗೆಯೇ ತೆಗೆದಿಟ್ಟರು. ತನ್ನ ಸೋಲನ್ನೂ ಗೆಲುವನ್ನೂ ಒಂದೇ ಕೈಯಿಂದ ಬರೆದಿಟ್ಟವನನ್ನು ಆಪ್ತನೆನ್ನದೆ ಮತ್ತಾರನ್ನು ಆಪ್ತನೆನ್ನೋಣ?

ಇಷ್ಟು ಬಲವಾದ ಆಧಾರವಿದ್ದರೂ ಸೋದರರು ಅದನ್ನು ಬಹಿರಂಗಪಡಿಸಲಿಲ್ಲ. ಯಂತ್ರದ ರಚನೆಯನ್ನು ಇತರರು ಕದಿಯುವರೆಂಬ ಭಯವೇ ಕಾರಣ. ಪೇಟೆಂಟ್ ಹಕ್ಕು ಅವರಿಗೆ ದೊರೆತುದು ೧೯೦೬ರ ಮೇ ೨೨ರಂದು. ಅದಕ್ಕೆ ಮುಂಚೆಯೇ, ೧೯೦೫ರ ಅಕ್ಟೋಬರ್ ೫ರಂದು, ಡೇಟನ್ನಿನ ಸಮೀಪದ ಹಫ್‌ಮನ್ ಹುಲ್ಲುಗಾವಲಿನಲ್ಲಿ ವಿಲ್ಬರನು ೩೯ ನಿಮಿಷಗಳಲ್ಲಿ ೨೪ ಮೈಲಿ ಸುತ್ತಿದ್ದನು. ಯೂರೋಪಿನವರು ಇದನ್ನು ನಂಬಲಿಲ್ಲ. ಇವರು ಹಾರುವವರೋ ಸುಳ್ಳರೋ ಎಂದು ಪ್ಯಾರಿಸಿನ ಪತ್ರಿಕೆಯೊಂದು ೧೯೦೬ರಲ್ಲಿ ಬಹಿರಂಗವಾಗಿಯೇ ಕೇಳಿತು. ಮೊದಲ ಹಾರಾಟದ ಚಿತ್ರವು ಒಂದು ಮಾಸಪತ್ರಿಕೆಯಲ್ಲಿ ಜನರ ಕಣ್ಣಿಗೆ ಬಿದ್ದುದು ೧೯೦೮ರಲ್ಲಿ. ಆ ವರ್ಷದ ಆಗಸ್ಟ್ ೮ರಂದು ವಿಲ್ಬರನು ಫ್ರಾನ್ಸಿನ ಲ ಮಾನ್ ನಗರದ ಹತ್ತಿರ ಎಲ್ಲರೆದುರಿಗೆ ಹಾರಿ ತೋರಿಸಿದ ಮೇಲೆ ಸಂಶಯಪಟ್ಟವರು ಬಾಯಿ ಮುಚ್ಚಿದರು. ಗೂಢವಾಗಿಟ್ಟ ಪ್ರಮಾಣವು ವ್ಯವಹಾರದಲ್ಲಿ ಇಲ್ಲದ ಪ್ರಮಾಣಕ್ಕೆ ಸಮಾನವಾಯಿತು.

ಆ ನಡುವೆ, ೧೯೦೬ರ ನವಂಬರ್ ೧೨ರಂದು, ಬ್ರೆಜಿಲಿನ ಸಾಂತೋಸ್ ದ್ಯುಮೋನ್ ಮಹಾಶಯರು ಪ್ಯಾರಿಸಿನಲ್ಲಿ ಜನಸಮೂಹದ ಎದುರಿಗೆ ೨೨೦ ಮೀಟರು ಹಾರಿದರು. ಬ್ರೆಜಿಲಿನವರು ಅವರನ್ನೇ ಆದ್ಯರೆಂದು ಗೌರವಿಸುವರು. ಅವರ ಯಂತ್ರದ ಚಿತ್ರವನ್ನು ಈಗಿನವರು ನೋಡಿದರೆ ವಿಮಾನವು ಹಿಂದುಮುಂದಾಗಿ ಹೋಗುತ್ತಿದೆಯೆಂದೇ ತಿಳಿಯುವರು. ಏಕೆಂದರೆ ಬಾಲದಂತೆ ಕಾಣುವ ಪೆಟ್ಟಿಗೆಯಾಕಾರದ ಭಾಗವೇ ಅದರ ಮುಂಭಾಗ, ನಡಸುವವನು ರೆಕ್ಕೆಗಳ ನಡುವೆ ಬುಟ್ಟಿಯಲ್ಲಿ ನಿಂತಿರುವನು. ರೈಟ್ ಸೋದರರ ಯಂತ್ರದಲ್ಲಿಯೂ ಏರಿಳಿತದ ಚುಕ್ಕಾಣಿಯು ಮುಂದೆಯೇ ಇರುವುದು. ಯಂತ್ರಶಾಸ್ತ್ರವನ್ನರಿಯದೆ ಚಿತ್ರವನ್ನು ಓದಹೊರಡುವುದು ಹಳಗನ್ನಡ ಲಿಪಿಯನ್ನರಿಯದೆ ಶಾಸನವನ್ನು ಓದಹೊರಟಂತೆಯೇ.

ಚಿತ್ರಕ್ಕಾಗಿ ನಡೆದ ಒಂದು ಜಗಳದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಯುಕ್ತ. ಹಿಂದೆ ಹೇಳಿದ ಲ್ಯಾಂಗ್ಲಿಯವರು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಕಾರ್ಯದರ್ಶಿಗಳು. ಆಳನ್ನು ಹೊರತಕ್ಕ ಅವರ ದೊಡ್ಡ ವಿಮಾನವು ೧೯೦೩ರ ಅಕ್ಟೋಬರ್ ೭ರಂದೂ ಡಿಸೆಂಬರ್ ೮ರಂದೂ ಹಡಗಿನ ಮೇಲಿಂದ ಹೊರಟೊಡನೆಯೇ ನದಿಗೆ ಬಿದ್ದಿತು; ಬೀಳುವ ಚಿತ್ರಗಳು ಈಗಲೂ ಇವೆ. ಹನ್ನೊಂದು ವರ್ಷಗಳ ತರುವಾಯ, ಲ್ಯಾಂಗ್ಲಿಯವರು ಗತಿಸಿದ ಮೇಲೆ, ಸಂಸ್ಥೆಯವರು ಆ ಯಂತ್ರವನ್ನು ಹ್ಯಾಮಂಡ್ಸ್‌ಪೋರ್ಟಿನ ಗ್ಲೆನ್ ಕರ್ಟಿಸ್ ಎಂಬವನಿಗೆ ಕೊಟ್ಟರು. ಈ ಕರ್ಟಿಸನು ರೈಟ್ ಸೋದರರ ಹಕ್ಕಿನ ವಿಷಯವಾಗಿ ನ್ಯಾಯಾಲಯದಲ್ಲಿ ಅವರಿಗೆ ಎದುರುವಾದಿ. ೧೯೧೪ರಲ್ಲಿ ಅವನು ಅದನ್ನು ನೀರಿನ ಮೇಲಿಂದ ಸ್ವಲ್ಪ ದೂರ ಎಬ್ಬಿಸಿದನು. ಹಳೆಯ ಯಂತ್ರವನ್ನು ಮಾರ್ಪಡಿಸದೆಯೇ ಹಾರಿಸಲಾಯಿತೆಂಬಂತೆ ಸಂಸ್ಥೆಯವರು ಪ್ರಕಟಿಸಿದರು. ವಿಲ್ಬರನು ೧೯೧೨ರಲ್ಲಿಯೇ ತೀರಿಕೊಂಡಿದ್ದನು. ಉಳಿದ ಆರ್ವಿಲನು ಸಂಶಯಗೊಂಡು ೧೯೧೫ರ ಜೂನ್ ತಿಂಗಳಲ್ಲಿ ತನ್ನ ಅಣ್ಣ ಲೋರಿನನನ್ನು ಗುಟ್ಟಾಗಿ ಅಲ್ಲಿಗೆ ಕಳುಹಿಸಿದನು. ರೆಕ್ಕೆಗಳು ಮುರಿದು ಮಡಿಸಿಕೊಂಡುದನ್ನು ಕಂಡು ಲೋರಿನನು ಚಿತ್ರ ತೆಗೆದನು. ಕರ್ಟಿಸನ ಆಳುಗಳು ಅವನನ್ನು ತಡೆದು ಫಿಲ್ಮನ್ನು ಕಸಿದುಕೊಂಡರು. ಮರೆಮಾಡತಕ್ಕ ಸಂಗತಿಯಿಲ್ಲದಿದ್ದರೆ ಚಿತ್ರವನ್ನು ಕಸಿದುಕೊಳ್ಳುವ ಪ್ರಯೋಜನವೇನು? ಇಲ್ಲದ ಆ ಚಿತ್ರವೂ ಒಂದು ಬಗೆಯ ಸಾಕ್ಷಿಯೇ ಆಯಿತೆನ್ನಬೇಕು.

೧೯೨೧ರಲ್ಲಿ ಇಂಗ್ಲೆಂಡಿನ ಗ್ರಿಫಿತ್ ಬ್ರೂಯರ್ ಎಂಬವರು ೧೯೦೩ರ ಯಂತ್ರಕ್ಕೂ ೧೯೧೪ರ ಯಂತ್ರಕ್ಕೂ ಇದ್ದ ವ್ಯತ್ಯಾಸಗಳನ್ನು ಎತ್ತಿ ತೋರಿಸಿ ಉಪನ್ಯಾಸ ಮಾಡಿದರು. ಆದರೂ ಸಂಸ್ಥೆಯವರು ಕೂಡಲೆ ಒಪ್ಪಲಿಲ್ಲ. ನೊಂದ ಆರ್ವಿಲನು ತನ್ನ ವಿಮಾನವನ್ನು ೧೯೨೮ರಲ್ಲಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಟ್ಟನು. ಮಾರ್ಪಾಟುಗಳ ಪಟ್ಟಿಯನ್ನು ಸ್ಮಿತ್‌ಸೋನಿಯನ್ನಿನವರೇ ಅಚ್ಚುಹಾಕಿ ತಪ್ಪನ್ನು ಒಪ್ಪಿಕೊಂಡುದು ೧೯೪೨ರಲ್ಲಿ. ಯಂತ್ರವು ಸ್ವದೇಶಕ್ಕೆ ಬಂದು ಆ ಸಂಸ್ಥೆಯಲ್ಲಿಯೇ ಸ್ಥಾಪಿತವಾದುದು ೧೯೪೮ರ ಡಿಸೆಂಬರ್ ೧೭ರಂದು. ಅದನ್ನು ನೋಡಲು ಆರ್ವಿಲನು ಬದುಕಿರಲಿಲ್ಲ. ಆ ವರ್ಷದ ಜನವರಿಯಲ್ಲಿಯೇ ಅವನು ಕಾಲವಶನಾಗಿದ್ದನು.

ಇನ್ನು ತಪ್ಪಾಗಿ ಓದಿದ ಚಿತ್ರಕ್ಕೆ ಒಂದು ನಿದರ್ಶನ. ಕನೆಕ್ಟಿಕಟ್ ಸಂಸ್ಥಾನದಲ್ಲಿದ್ದ ಗುಸ್ಟಾವ್ ವೈಟ್‌ಹೆಡ್ ಎಂಬ ಜರ್ಮನನು ೧೯೦೧ರ ಆಗಸ್ಟಿನಲ್ಲಿಯೇ ಹಾರಿದನೆಂಬ ಪಕ್ಷವೊಂದುಂಟು. ಬ್ರಿಜ್‌ಪೋರ್ಟಿನ ಪತ್ರಿಕೆಯಲ್ಲಿ ಆಗ ಬಂದುದು ಕೈಯಿಂದ ಬರೆದ ಚಿತ್ರವೇ ಹೊರತು ಛಾಯಾಚಿತ್ರವಲ್ಲ. ೧೯೦೬ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ವೈಟ್‌ಹೆಡ್ಡನ ಯಂತ್ರದ ಮಸುಕಾದ ಛಾಯಾಚಿತ್ರವಿತ್ತೆಂದು ಒಂದು ವೈಜ್ಞಾನಿಕ ಪತ್ರಿಕೆಯು ಹೇಳಿತು. ಆ ಚಿತ್ರವು ದೊರೆಯಲಿಲ್ಲ. ೨೦೧೩ರಲ್ಲಿ ಜಾನ್ ಬ್ರೌನ್ ಎಂಬ ಸಂಶೋಧಕರು ಆ ಪ್ರದರ್ಶನದ ಗೋಡೆಯ ಚಿತ್ರವನ್ನು ಬಹಳವಾಗಿ ಹಿಗ್ಗಿಸಿ, ಗೋಡೆಯ ಮೇಲೆ ತೂಗುಹಾಕಿದ್ದ ಚಿಕ್ಕ ಚಿತ್ರವೊಂದರಲ್ಲಿ ವೈಟ್‌ಹೆಡ್ಡನ ವಿಮಾನವು ಹಾರುವುದು ಕಾಣುವುದೆಂದು ಸಾರಿದರು. ವಿಮಾನಗಳ ಪ್ರಸಿದ್ಧ ವಾರ್ಷಿಕ ಗ್ರಂಥವೊಂದರ ಸಂಪಾದಕರು ಆ ವರ್ಷ ಈ ಪಕ್ಷವನ್ನು ಎತ್ತಿಹಿಡಿದರು. ಸ್ವಲ್ಪ ಕಾಲದಲ್ಲಿಯೇ ಕ್ಯಾರಲ್ ಗ್ರೇ ಎಂಬವರು ಆ ಮಸುಕಿನಲ್ಲಿ ಕಾಣುವ ಆಕೃತಿಯು ಕ್ಯಾಲಿಫೋರ್ನಿಯಾದಲ್ಲಿ ೧೯೦೫ರಲ್ಲಿ ಪ್ರದರ್ಶಿತವಾದ ಜಾನ್ ಮಾಂಟ್ಗೊಮೆರಿಯ ಎಂಜಿನ್ನಿಲ್ಲದ ಯಂತ್ರವೆಂದು ಸ್ಪಷ್ಟವಾದ ಬೇರೊಂದು ಚಿತ್ರದೊಡನೆ ಹೋಲಿಸಿ ತೋರಿಸಿದರು. ಸವೆದ ಶಾಸನದಲ್ಲಿ ತನಗೆ ಬೇಕಾದ ರಾಜನ ಹೆಸರನ್ನು ಕಾಣುವ ದೋಷಕ್ಕೂ ಇದಕ್ಕೂ ಏನು ಭೇದ? ಮಸುಕು ಹೆಚ್ಚಿದಷ್ಟೂ ಓದುವವನ ಇಷ್ಟವೇ ಅಕ್ಷರವಾಗಿ ನಿಲ್ಲುವುದು.

ಕೂಟಶಾಸನಕ್ಕೆ ಸರಿಯಾದ ಕೂಟಚಿತ್ರಗಳೂ ಉಂಟು. ಮೊದಲ ಮಹಾಯುದ್ಧದ ವಿಮಾನಕಾಳಗಗಳ ಚಿತ್ರಗಳೆಂದು ೧೯೩೩ರಲ್ಲಿ ಒಂದು ಪುಸ್ತಕವು ಹೊರಬಂದಿತು. ಹೆಸರು ಹೇಳಲೊಲ್ಲದ ಯೋಧನೊಬ್ಬನು ವಿಮಾನಕ್ಕೆ ಕ್ಯಾಮರಾವನ್ನು ಕಟ್ಟಿ ತೆಗೆದುವೆಂದು ಹೇಳಿಕೆ. ಉರಿಯುವ ವಿಮಾನ, ಒಂದಕ್ಕೊಂದು ತಾಗಿದ ವಿಮಾನ, ಕೆಳಗೆ ಬೀಳುವ ಮನುಷ್ಯ, ಹೀಗೆ ಕಾಣಲು ಬಯಸಿದುದೆಲ್ಲ ಅದರಲ್ಲಿತ್ತು. ಆಗಲೇ ಕೆಲವರು ಸಂಶಯಪಟ್ಟರು. ಆದರೂ ಐವತ್ತು ವರ್ಷ ಆ ಚಿತ್ರಗಳು ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತಿದ್ದುವು. ವೆಸ್ಲಿ ಆರ್ಚರ್ ಎಂಬ, ಸಿನಿಮಾಗಳಿಗೆ ಪ್ರತಿಕೃತಿಗಳನ್ನು ಮಾಡಿಕೊಡುತ್ತಿದ್ದ ಹಳೆಯ ಯೋಧನ ಕಾಗದಪತ್ರಗಳು ವಾಷಿಂಗ್ಟನ್ನಿನ ವಿಮಾನ ವಸ್ತುಸಂಗ್ರಹಾಲಯಕ್ಕೆ ಬಂದಾಗ, ೧೯೮೪ರಲ್ಲಿ, ನಿಜವು ಹೊರಬಿದ್ದಿತು. ಎಲ್ಲವೂ ತಂತಿಯಲ್ಲಿ ತೂಗುಬಿಟ್ಟ ಚಿಕ್ಕ ಗೊಂಬೆವಿಮಾನಗಳು. ಡೇನಿಯಲ್ಸನ ಫಲಕದಲ್ಲಿ ಬೇಡದ ಸಲಿಕೆಯೂ ಇತ್ತು. ಇಲ್ಲಿ ಬೇಡದುದೊಂದೂ ಇರಲಿಲ್ಲ.

ಮೂಲಫಲಕಗಳ ಗತಿಯನ್ನೂ ಹೇಳದೆ ಬಿಡಲಾಗದು. ೧೯೧೩ರ ಮಾರ್ಚ್ ತಿಂಗಳಲ್ಲಿ ಡೇಟನ್ ನಗರವು ಪ್ರವಾಹದಲ್ಲಿ ಮುಳುಗಿದಾಗ ಕೊಟ್ಟಿಗೆಯಲ್ಲಿದ್ದ ಗಾಜಿನ ಫಲಕಗಳು ದಿನಗಟ್ಟಲೆ ನೀರಿನಲ್ಲಿದ್ದುವು. ಅನೇಕ ಫಲಕಗಳ ಲೇಪವು ಎದ್ದು ಹೋಯಿತು. ಮೊದಲ ಹಾರಾಟದ ಫಲಕಕ್ಕೆ ಒಂದು ಮೂಲೆಯಲ್ಲಿ ಮಾತ್ರ ಹಾನಿಯಾಗಿ ಯಂತ್ರವೂ ಮನುಷ್ಯರೂ ಉಳಿದುದು ದೈವಯೋಗವೆನ್ನಬೇಕು. ಆರ್ವಿಲನ ಮರಣಾನಂತರ ೧೯೪೯ರಲ್ಲಿ ೩೦೩ ಫಲಕಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಗ್ರಂಥಭಂಡಾರಕ್ಕೆ ಸೇರಿದುವು. ಅಲ್ಲಿಯವರು ಕೆಟ್ಟ ಮೂಲೆಗಳನ್ನು ತಿದ್ದದೆ ಇದ್ದಂತೆಯೇ ತೋರಿಸುವರು. ನಮ್ಮಲ್ಲಿ ಗ್ರಂಥಪಾತವಾದ ಕಡೆಯಲ್ಲಿ ಸ್ವಂತ ಶ್ಲೋಕವನ್ನು ತುಂಬಿದ ಸಂಪಾದಕರನ್ನು ನೆನೆದರೆ ಈ ಸಂಯಮವು ಮೆಚ್ಚತಕ್ಕುದು.

ಈ ವಿಚಾರವು ಕನ್ನಡನಾಡಿಗೆ ಒಂದು ಕಡೆ ನೇರವಾಗಿ ತಾಗುವುದು. 'ವೈಮಾನಿಕ ಶಾಸ್ತ್ರ'ವೆಂಬ ಸಂಸ್ಕೃತ ಗ್ರಂಥವನ್ನು ಭರದ್ವಾಜ ಮಹರ್ಷಿಪ್ರಣೀತವೆಂದು ಹೇಳಿ, ಅದರಿಂದ ಪ್ರಾಚೀನರ ವಿಮಾನವಿದ್ಯೆಯನ್ನು ಸಾಧಿಸಹೊರಡುವವರು ಅನೇಕರು. ಅದನ್ನು ಬಾಯಿಂದ ಹೇಳಿ ಬರೆಯಿಸಿದವರು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು, ಬರೆದುಕೊಂಡವರು ವೆಂಕಟಾಚಲ ಶರ್ಮರು. ಕಾಲವು ೧೯೧೮ರಿಂದ ೧೯೨೩. ಶಾಸ್ತ್ರಿಗಳ ನಿರ್ದೇಶನದಂತೆ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ನಕ್ಷೆಗಳನ್ನು ಬೆಂಗಳೂರಿನಲ್ಲಿ ಎಲ್ಲಪ್ಪ ಎಂಬ ನಕ್ಷೆಗಾರರು ೧೯೨೩ರಲ್ಲಿ ಬರೆದರು. ಮೈಸೂರಿನ ಜಿ. ಆರ್. ಜೋಸ್ಯರ್ ಅವರು ೧೯೭೩ರಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಕುಂದ ಮೊದಲಾದ ಐವರು ವಿದ್ವಾಂಸರು ಪರೀಕ್ಷಿಸಿ, ಗ್ರಂಥವು ೧೯೦೪ಕ್ಕೆ ಹಿಂದಿನದಲ್ಲವೆಂದೂ, ಅಲ್ಲಿ ಹೇಳಿದ ಯಂತ್ರಗಳು ಹಾರಲಾರವೆಂದೂ ನಿರ್ಣಯಿಸಿದರು. ಬೊಂಬಾಯಿಯ ತಳಪದೆ ಎಂಬವರು ೧೮೯೫ರಲ್ಲಿ ವಿಮಾನವನ್ನು ಹಾರಿಸಿದರೆಂಬ ಕಥೆಯೂ ಇದರೊಡನೆ ಬೆರೆತು ಬರುವುದು. ಅದಕ್ಕೆ ಛಾಯಾಚಿತ್ರವಾಗಲಿ ನಂಬತಕ್ಕ ಸಮಕಾಲೀನ ದಾಖಲೆಯಾಗಲಿ ದೊರೆತಿಲ್ಲ. ಚಿತ್ರವಿಲ್ಲವೆಂಬುದೊಂದರಿಂದಲೇ ಸಂಗತಿಯು ಸುಳ್ಳಾಗದು. ಚಿತ್ರವೂ ದಿನಚರಿಯೂ ಸಾಕ್ಷಿಯೂ ಯಾವುದೂ ಇಲ್ಲದ ಕಡೆ ಯಾವುದನ್ನು ಹೇತುವೆನ್ನೋಣ?

ಸಂಸ್ಕೃತಪಾಠಶಾಲೆಯಲ್ಲಿ ಓದಿದವರು ಈ ಗ್ರಂಥವನ್ನು ಬೆಂಬಲಿಸಬೇಕೆಂದು ಕೆಲವರು ನಿರೀಕ್ಷಿಸುವರು. ಗ್ರಂಥದ ಭಾಷೆಯು ಆರ್ಷವಲ್ಲ. ಆಧುನಿಕ ಪಂಡಿತರ ಸರಾಗವಾದ ಸಂಸ್ಕೃತ. ವಿಮಾನವೆಂಬ ಶಬ್ದಕ್ಕೆ ದೇವತೆಗಳ ರಥ, ಏಳು ನೆಲೆಯ ಅರಮನೆ, ಗರ್ಭಗೃಹದ ಮೇಲಣ ಕಟ್ಟಡ ಎಂದು ಅನೇಕಾರ್ಥಗಳಿವೆ. ರೈಟ್ ಸೋದರರ ಯಂತ್ರಕ್ಕೆ ಆ ಹೆಸರನ್ನು ನಾವು ಕೊಟ್ಟುದು ಈಚೆಗೆ. ಆ ಹೆಸರಿನ ಬಲದಿಂದ ಯಂತ್ರವನ್ನು ಪುರಾಣಕ್ಕೆ ಒಯ್ಯುವುದು ಶಬ್ದಚ್ಛಲವಾದೀತು. ಹಾಗೆಂದು ಎಲ್ಲಪ್ಪನವರ ನಕ್ಷೆಗಳನ್ನು ತಿರಸ್ಕರಿಸತಕ್ಕುದೂ ಅಲ್ಲ. ವಿಮಾನಗಳ ಚಿತ್ರಗಳು ಪತ್ರಿಕೆಗಳ ಮೂಲಕ ಎಲ್ಲೆಡೆಯಲ್ಲಿಯೂ ಹರಡಿದ್ದ ಕಾಲದಲ್ಲಿ ಆನೇಕಲ್ಲಿನ ಪಂಡಿತರೊಬ್ಬರ ಮನಸ್ಸಿನಲ್ಲಿಯೂ ಬೆಂಗಳೂರಿನ ನಕ್ಷೆಗಾರರೊಬ್ಬರ ಕೈಯಲ್ಲಿಯೂ ವಿಮಾನವು ಯಾವ ರೂಪವನ್ನು ತಾಳಿತೆಂಬುದಕ್ಕೆ ಅವು ೧೯೨೩ನೆಯ ಇಸವಿಯ ನಿಜವಾದ ದಾಖಲೆಗಳು. ಆ ಮೂಲಪತ್ರಗಳು ಎಲ್ಲಿದ್ದರೂ, ಅವುಗಳ ಮೇಲೆ ಬರೆದ ದಿನಾಂಕವೂ ಕೈಗುರುತೂ ಅಳಿಸದಂತೆ, ಆ ವರ್ಷದ ದಾಖಲೆಗಳೆಂಬ ಹೆಸರಿನಲ್ಲಿಯೇ ಅವುಗಳನ್ನು ಕಾಪಾಡತಕ್ಕುದು.